ಮುಳ್ಳು ಕೆಂಪಿನ ಹತ್ತಿರ, ನೀರು ಮಾತ್ರ ಕುದಿಯುತ್ತಿಲ್ಲ: ತಪ್ಪು ಮೀಟರಿನದಾ, ಎಂಜಿನ್ನಿನದಾ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಮಾರುತಿ 800 ಇದೆ, ಕಾರ್ಬ್ಯುರೇಟರ್ ಮಾಡೆಲ್. ಸಿಂಧನೂರಿನಿಂದ ರಾಯಚೂರಿಗೆ ಆಗಾಗ ಹೋಗಿ ಬರುತ್ತೇನೆ. ಮಧ್ಯಾಹ್ನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ನಿಲ್ಲಿಸಿ ಬಾನೆಟ್ ಎತ್ತಿದರೆ ನೀರು ಕುದಿಯುತ್ತಿರುವುದಿಲ್ಲ. ಒಬ್ಬ ಮೆಕ್ಯಾನಿಕ್ ಮೀಟರ್ ಬದಲಿಸಿ ಅಂದರು. ಇನ್ನೊಬ್ಬರು ಥರ್ಮೋಸ್ಟಾಟ್ ತೆಗೆದು ಬಿಸಾಡಿ ಅಂದರು. ಯಾವುದು ಸರಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮಾರ್ಚ್ ಮುಗಿಯುವ ಹೊತ್ತಿಗೆ ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆಯಿಂದ ಈ ಪ್ರಶ್ನೆ ಬರುತ್ತದೆ. ಸುಮ್ನೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದವರ ದುಡ್ಡು ಹೋಗಿದೆ, ಮುಳ್ಳು ಅಲ್ಲೇ ಇದೆ. ಮೊದಲು ತಿಳಿಯಬೇಕಾದದ್ದು ಒಂದೇ. ಎಂಜಿನ್ ನಿಜವಾಗಿ ಎಷ್ಟು ಬಿಸಿಯಾಗಿದೆ? ಅದು ಗೊತ್ತಾಗುವವರೆಗೆ ಮೀಟರ್ ಸುಳ್ಳು ಹೇಳುತ್ತಿದೆ ಅಂತ ತೀರ್ಮಾನ ಮಾಡಬೇಡಿ.

ನೀರು ಕುದಿಯುತ್ತಿಲ್ಲ, ಹಾಗಾಗಿ ಎಂಜಿನ್ ತಣ್ಣಗಿದೆ ಅಂದುಕೊಂಡಿದ್ದೀರಿ. ಇದನ್ನು ನಂಬಬೇಡಿ. ರೇಡಿಯೇಟರ್ ಮುಚ್ಚಳದ ಮೇಲೆ ಸಾಮಾನ್ಯವಾಗಿ 0.9 ಅಂತ ಬರೆದಿರುತ್ತದೆ. ಅಷ್ಟು ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಎಂಜಿನ್ 110ಕ್ಕೆ ಏರಿದರೂ ಹೊರಗೆ ನಿಂತವರಿಗೆ ಆವಿ ಕಾಣುವುದಿಲ್ಲ, ಸದ್ದೂ ಕೇಳುವುದಿಲ್ಲ. ಪರೀಕ್ಷೆ ಮಾಡೋಣ ಅಂತ ಆಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಗಾಡಿಯ ಮುಚ್ಚಳಕ್ಕೆ ದಯವಿಟ್ಟು ಕೈ ಹಚ್ಚಬೇಡಿ, ಬಟ್ಟೆ ಸುತ್ತಿಕೊಂಡರೂ ಬೇಡ.

ನಿಮ್ಮ ಮುಳ್ಳು ಮಧ್ಯಾಹ್ನ ಮಾತ್ರ ಏರುತ್ತದೆ ಅಂದಿರಲ್ವಾ? ನನಗೆ ಅಲ್ಲೇ ಅನುಮಾನ. ರೇಡಿಯೇಟರ್ ಶಾಖ ಬಿಡುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ. ನೀರು 90 ಡಿಗ್ರಿ, ಗಾಳಿ 25 ಇದ್ದರೆ ಅಂತರ 65. ಏಪ್ರಿಲ್ ಮಧ್ಯಾಹ್ನ ಗಾಳಿ 42ಕ್ಕೆ ಹೋದರೆ ಅಂತರ 48ಕ್ಕೆ ಇಳಿಯುತ್ತದೆ. ಶಾಖ ಬಿಡುವ ಶಕ್ತಿ ಕಾಲು ಭಾಗ ಹೋಯಿತು. ರೇಡಿಯೇಟರ್ ಚೆನ್ನಾಗಿದ್ದರೆ ಇಷ್ಟನ್ನು ತಡೆದುಕೊಳ್ಳುತ್ತದೆ, ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸ್ವಲ್ಪ ಜಾಸ್ತಿ ತೆರೆದುಕೊಳ್ಳುತ್ತದೆ, ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಸರಿಯಿದ್ದು ಬಿಸಿಲೇರಿದಂತೆ ಮುಳ್ಳೂ ಏರಿದರೆ, ಮೀಟರ್ ನಿಜವನ್ನೇ ಹೇಳುತ್ತಿರಬಹುದು.

ನಮ್ಮ ಕಡೆ ಇದಕ್ಕೆ ಕಾರಣಗಳೂ ಬೇಕಾದಷ್ಟಿವೆ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳ ರೇಡಿಯೇಟರ್ ರೆಕ್ಕೆಗಳಲ್ಲಿ ಅದಿರಿನ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲಿನ ಹೊಟ್ಟು. ರಾಯಚೂರಿನಲ್ಲಿ ಹತ್ತಿಯ ಎಳೆ. ಇವೆಲ್ಲಕ್ಕಿಂತ ಕೆಟ್ಟದ್ದು ಬೋರಿನ ಸವಳು ನೀರು. ಸ್ನಾನದ ಹಂಡೆಯ ಒಳಗೆ ಬೆಳ್ಳಗೆ ಪದರ ಕಟ್ಟುತ್ತದಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ನೀರಿನ ಬಿಸಿ ಅಳೆದು ಮೀಟರಿಗೆ ತಿಳಿಸುವ ಸೆನ್ಸರಿನ ತುದಿಯನ್ನೂ ಬಿಡುವುದಿಲ್ಲ. ಆಗ ಎಂಜಿನ್ ಜಾಸ್ತಿ ಕಾಯುತ್ತದೆ, ಅದನ್ನು ಹೇಳಬೇಕಾದ ಸೆನ್ಸರ್ ತಡವಾಗಿ ಹೇಳುತ್ತದೆ.

ನಿಜವಾದ ಬಿಸಿ ತಿಳಿಯಲು ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಆಗುವುದಿಲ್ಲ, ಅದು ಮೈಬಿಸಿಯ ಆಚೆ ಓದುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ, 300 ಡಿಗ್ರಿ ದಾಟಿ ಓದುವ ಗನ್ ಬೇಕು. ಎಸಿ ರಿಪೇರಿಯವರ ಹತ್ತಿರ ಸಾಮಾನ್ಯವಾಗಿ ಇರುತ್ತದೆ, ಒಂದು ಗಂಟೆಗೆ ಕೇಳಿ ತನ್ನಿ. ಅದನ್ನು ಥರ್ಮೋಸ್ಟಾಟ್ ಇರುವ ಅಲ್ಯೂಮಿನಿಯಂ ಕವಚದ ಮೇಲೆ, ಸೆನ್ಸರ್ ಪಕ್ಕದಲ್ಲೇ ಹಿಡಿಯಿರಿ. ಹೊಳೆಯುವ ಲೋಹ ತನ್ನ ನಿಜವಾದ ಬಿಸಿಗಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಎಂಜಿನ್ ತಣ್ಣಗಿರುವಾಗಲೇ ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಆಮೇಲೆ ಅದರ ಮೇಲೆ ಅಳೆಯಿರಿ. ಮುಳ್ಳು ಕೆಂಪಿನ ಹತ್ತಿರ ಇರುವಾಗ ಗನ್ 85ರಿಂದ 95ರೊಳಗೆ ತೋರಿಸಿದರೆ ಎಂಜಿನ್ ಆರಾಮಾಗಿದೆ, ತಪ್ಪು ಮೀಟರ್ ಕಡೆಯದು. 105 ದಾಟಿದರೆ ಮೀಟರನ್ನು ಬೈಯಬೇಡಿ, ರೇಡಿಯೇಟರ್ ಬಿಚ್ಚಿಸಿ. ರೇಡಿಯೇಟರ್ ಫ್ಯಾನ್ ಕೂಡ ಒಳ್ಳೆಯ ಸಾಕ್ಷಿ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಬೇರೆಯೇ ಸ್ವಿಚ್ ಇರುತ್ತದೆ. ಮುಳ್ಳು ಮೇಲೆ ಹೋದರೂ ಫ್ಯಾನ್ ಒಮ್ಮೆಯೂ ತಿರುಗದಿದ್ದರೆ, ಸುಳ್ಳು ಹೇಳುತ್ತಿರುವುದು ಮುಳ್ಳು, ಇಲ್ಲವೇ ಕೆಟ್ಟಿರುವುದು ಫ್ಯಾನ್. ಯಾವುದೆಂದು ಗನ್ ಹೇಳುತ್ತದೆ.

ತಪ್ಪು ಮೀಟರ್ ಕಡೆಯದು ಅಂತ ಗೊತ್ತಾಯಿತು ಅನ್ನಿ. ಆಗಲೂ ಮೀಟರನ್ನೇ ಬಿಚ್ಚಬೇಕಾಗಿಲ್ಲ. ಮೀಟರ್ ಅಂದರೆ ಮುಳ್ಳು ಮಾತ್ರ ಅಲ್ಲ. ಎಂಜಿನ್ ಮೈಗೆ ಒಂದು ಹಿತ್ತಾಳೆಯ ಸೆನ್ಸರ್ ತಿರುಗಿಸಿ ಕೂರಿಸಿರುತ್ತಾರೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟ್ ಜಾಸ್ತಿ ಹರಿಯುತ್ತದೆ, ಮುಳ್ಳು ಏರುತ್ತದೆ. ಹೆಚ್ಚಿನ ಹಳೆ ಗಾಡಿಗಳಲ್ಲಿ ಅದಕ್ಕೆ ಒಂದೇ ವೈರ್. ಅರ್ತ್ ಆಗುವುದು ಅದರ ಮೈಯಿಂದಲೇ, ಎಂಜಿನ್ ಮೂಲಕ.

ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಮುಳ್ಳು ಕೆಳಗೇ ಇರಬೇಕು. ಆಗಲೇ ಅರ್ಧಕ್ಕೆ ಏರಿದರೆ ಅದು ಕರೆಂಟಿನ ತಪ್ಪು, ಬಿಸಿಗೂ ಅದಕ್ಕೂ ಸಂಬಂಧವಿಲ್ಲ. ಸೆನ್ಸರಿನ ವೈರ್ ಕಿತ್ತು ನೋಡಿ. ಮುಳ್ಳು ಕೆಳಗಿಳಿದರೆ ಸೆನ್ಸರ್ ಒಳಗೆ ಶಾರ್ಟ್ ಆಗಿದೆ. ಇಳಿಯದಿದ್ದರೆ ದಾರಿಯಲ್ಲಿ ಎಲ್ಲೋ ವೈರ್ ಸವೆದು ಬಾಡಿಗೆ ತಾಗುತ್ತಿದೆ. ಮುಳ್ಳು ಏಳುವುದೇ ಇಲ್ಲ ಅನ್ನುವವರು ಉಲ್ಟಾ ಮಾಡಿ. ಕಿತ್ತ ವೈರನ್ನು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ, ಮುಳ್ಳು ಏಳಲು ಶುರುವಾದ ಕೂಡಲೇ ತೆಗೆಯಿರಿ. ಜಾಸ್ತಿ ಹೊತ್ತು ಹಿಡಿದರೆ ಮೀಟರ್ ಸುಡಬಹುದು. ಎದ್ದರೆ ಮೀಟರ್, ವೈರ್ ಎರಡೂ ಸರಿ, ಸೆನ್ಸರ್ ಸತ್ತಿದೆ.

ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜರುಗುತ್ತದಾ? ಹಾರ್ನ್ ಹೊಡೆದರೆ ನಡುಗುತ್ತದಾ? ಹಾಗಿದ್ದರೆ ಅರ್ತ್ ಹಾಳಾಗಿದೆ. ಎಂಜಿನ್ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನು ಬಿಚ್ಚಿ, ಎರಡೂ ತುದಿಯನ್ನು ಪಾಲಿಶ್ ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂರಿಸಿ. ಡ್ಯಾಶ್‌ಬೋರ್ಡ್ ಹಿಂದಿನ ಅರ್ತ್ ವೈರಿಗೂ ಅದೇ ಉಪಚಾರ. ಇದಕ್ಕೆ ಪೈಸೆ ಖರ್ಚಿಲ್ಲ. ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ತಪ್ಪು ತೋರಿಸುತ್ತಿದ್ದರೆ, ಕೆಲವು ಹಳೆ ಗಾಡಿಗಳಲ್ಲಿ ಎರಡಕ್ಕೂ ಸೇರಿ ಇರುವ ವೋಲ್ಟೇಜ್ ಸ್ಟೆಬಿಲೈಸರ್ ನೋಡಿಸಿ. ಇನ್ನೂ ಹಳೆಯ ಕೆಲವು ಗಾಡಿಗಳಲ್ಲಿ ವೈರ್ ಬದಲು ಎಂಜಿನ್ನಿಂದ ಮೀಟರ್‌ವರೆಗೆ ತೆಳು ತಾಮ್ರದ ಕೊಳವೆ ಇರುತ್ತದೆ. ಅದಕ್ಕೆ ಈ ವೈರ್ ಪರೀಕ್ಷೆ ಹೊಂದುವುದಿಲ್ಲ.

ಸೆನ್ಸರ್ ಬಿಚ್ಚಿದರೆ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೆ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಅದರ ಹಿತ್ತಾಳೆ ತುದಿಯನ್ನು ಮುಳುಗಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಮೈಗೆ, ಇನ್ನೊಂದು ಮೇಲಿನ ಟರ್ಮಿನಲ್‌ಗೆ. ತಣ್ಣಗಿದ್ದಾಗ ನೂರಾರು ಓಮ್, ಕೆಲವದರಲ್ಲಿ ಸಾವಿರದ ಮೇಲೂ ಇರುತ್ತದೆ. ನೀರು ಕುದಿಯುವಾಗ ಹತ್ತಾರು ಓಮಿಗೆ ಇಳಿಯಬೇಕು. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ, ಇಲ್ಲಿ ನೀರು 99 ಡಿಗ್ರಿ ಒಳಗೇ ಕುದಿಯುತ್ತದೆ, ಈ ಕೆಲಸಕ್ಕೆ ಅದು ಸಾಕು. ಮುಖ್ಯವಾದದ್ದು ಅಂಕಿ ಒಂದೇ ಸಮ ಇಳಿಯುವುದು. ನಡುವೆ ಜಿಗಿದರೆ ಅಥವಾ ಕದಲದಿದ್ದರೆ ಹೊಸದು ತನ್ನಿ. ಆದರೆ ಥ್ರೆಡ್ ಕೂರುತ್ತದೆ ಅಂತ ಬೇರೆ ಗಾಡಿಯ ಸೆನ್ಸರ್ ಹಾಕಿಸಬೇಡಿ. ಮೀಟರ್ ಎಷ್ಟು ಓಮಿಗೆ ಎಷ್ಟು ಬಿಸಿ ಅಂತ ತನ್ನ ಜೋಡಿ ಸೆನ್ಸರಿಗೆ ತಕ್ಕಂತೆ ಮಾಡಿರುತ್ತದೆ. ಜೋಡಿ ಬದಲಾದರೆ ತಣ್ಣಗಿನ ಎಂಜಿನ್ನಿಗೂ ಮುಳ್ಳು ಕೆಂಪಿಗೆ ಹೋಗಬಹುದು. ಹಿಂದೆ ಯಾರಾದರೂ ನಿಮ್ಮ ಸೆನ್ಸರ್ ಬದಲಿಸಿದ್ದರೆ, ಮುಳ್ಳು ಕೆಟ್ಟಿದ್ದು ಅಂದಿನಿಂದಲೇನಾ ಅಂತ ನೆನಪು ಮಾಡಿಕೊಳ್ಳಿ.

ಇನ್ನು ಥರ್ಮೋಸ್ಟಾಟ್ ತೆಗೆಯುವ ಸಲಹೆ. ನಮ್ಮ ಬಿಸಿಲಿಗೆ ಅದು ಬೇಡ ಅನ್ನುವ ಮಾತು ಈ ಭಾಗದ ಗ್ಯಾರೇಜುಗಳಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಳ್ಳುವ ವಾಲ್ವ್ ಅದು. ಒಮ್ಮೆ ತೆರೆದ ಮೇಲೆ ತಂಪಿಗೆ ದೊಡ್ಡ ಅಡ್ಡಿ ಮಾಡುವುದಿಲ್ಲ. ತೆಗೆದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಒಳಗೆ ಸವೆತ ಹೆಚ್ಚುತ್ತದೆ. ಹೈವೇಯಲ್ಲಿ ಮುಳ್ಳು ತಳಕ್ಕೆ ಬೀಳುತ್ತದೆ, ಬಳ್ಳಾರಿಯ ರಾಯಲ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಮೇಲೇರುತ್ತದೆ. ಆಗ ಮೀಟರ್ ಕೆಟ್ಟಿದೆ ಅಂತ ಇನ್ನೊಂದು ಖರ್ಚು. ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕಿಸಿ, ಜಾಗ ಖಾಲಿ ಬಿಡಬೇಡಿ.

ಕೊನೆಯದಾಗಿ, ಎಲ್ಲರೂ ಕೆಂಪಿಗೆ ಹೆದರುತ್ತಾರೆ. ನನಗೆ ಅದಕ್ಕಿಂತ ಹೆದರಿಕೆ ಮೇಲಿದ್ದ ಮುಳ್ಳು ಓಡುವಾಗಲೇ ಸರ‍್ರನೆ ಕೆಳಗೆ ಬೀಳುವುದು. ಸದ್ಯ ತಣ್ಣಗಾಯಿತು ಅಂತ ಎಷ್ಟೋ ಜನ ಮುಂದೆ ಓಡಿಸುತ್ತಾರೆ. ಸೆನ್ಸರ್ ಅಳೆಯುವುದು ತನಗೆ ತಾಗಿದ ನೀರಿನ ಬಿಸಿಯನ್ನು. ಪೈಪ್ ಒಡೆದು ನೀರು ಖಾಲಿಯಾದರೆ ಸೆನ್ಸರ್ ಸುತ್ತ ಗಾಳಿ, ಆವಿ ಮಾತ್ರ ಉಳಿಯುತ್ತದೆ, ಮುಳ್ಳು ಇಳಿಯುತ್ತದೆ. ಆ ಹೊತ್ತಿಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಸೊಟ್ಟಗಾಗುತ್ತಿರುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಸುಡುತ್ತಿರುತ್ತದೆ. ಹಾಗಾದರೆ ಎಲ್ಲಿದ್ದೀರೋ ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಮುಟ್ಟಿದರೆ ಕೈ ತಡೆಯುವಷ್ಟು ಆರಲಿ, ಆಮೇಲೆ ಮುಚ್ಚಳ ತೆಗೆದು ಮಟ್ಟ ನೋಡಿ.

ನಿಮ್ಮ ಗಾಡಿಗೆ ಈ ವಾರ ಇಷ್ಟು ಮಾಡಿ. ತಣ್ಣಗಿರುವಾಗ ನೀರಿನ ಮಟ್ಟ, ಆಮೇಲೆ ಕೀ ಪರೀಕ್ಷೆ, ಮಧ್ಯಾಹ್ನ ಮುಳ್ಳು ಏರಿದಾಗ ಗನ್. ಬಿಸಿ ನಿಜವಾದರೆ ರೇಡಿಯೇಟರ್ ಒಳಗೂ ಹೊರಗೂ ತೊಳೆಸಿ, ಬೋರ್ ನೀರಿನ ಬದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧರ್ಧ ತುಂಬಿಸಿ. ರೆಡಿ ಮಿಕ್ಸ್ ಕೂಲೆಂಟ್ ಆದರೆ ನೀರು ಬೆರೆಸುವುದು ಬೇಡ. ತುಂಬಿದ ಮೇಲೆ ಮುಚ್ಚಳ ತೆರೆದಿಟ್ಟು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಒಳಗಿನ ಗಾಳಿ ಗುಳ್ಳೆಗಳು ಹೊರಬರುವವರೆಗೆ ಬಿಡಿ. ಮಟ್ಟ ಇಳಿದಷ್ಟು ಮತ್ತೆ ತುಂಬಿ ಮುಚ್ಚಳ ಹಾಕಿ. ಗಾಳಿ ಉಳಿದರೆ ಸೆನ್ಸರ್ ಮತ್ತೆ ತಪ್ಪು ಓದುತ್ತದೆ.