ಎಂಟು ಕೋರ್ ಅಂದರೆ ಎಂಟು ಪಟ್ಟು ವೇಗ ಅಲ್ಲ

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರ ಬಾಯಲ್ಲಿ ಒಂದು ಲೆಕ್ಕ ಪದೇ ಪದೇ ಕೇಳಿಬರುತ್ತದೆ. ಎಂಟು ಕೋರ್, ಒಂದೊಂದಕ್ಕೂ 3 ಗಿಗಾಹರ್ಟ್ಸ್, ಒಟ್ಟು 24 ಗಿಗಾಹರ್ಟ್ಸ್. ಕೋರ್ ಅಂದರೆ ಚಿಪ್‌ನೊಳಗೆ ಲೆಕ್ಕ ಮಾಡುವ ಒಂದು ಘಟಕ. ಗಿಗಾಹರ್ಟ್ಸ್ ಅಂದರೆ ಅದರ ಗಡಿಯಾರ ಸೆಕೆಂಡಿಗೆ ಎಷ್ಟು ನೂರು ಕೋಟಿ ಸಲ ಮಿಡಿಯುತ್ತದೆ ಅನ್ನುವ ಅಳತೆ. ಈ ಕೂಡಿಕೆ ಪೂರ್ತಿ ತಪ್ಪು. ಇದನ್ನು ನಂಬಿ ಜನ ಸಾವಿರಾರು ರೂಪಾಯಿ ಜಾಸ್ತಿ ಕೊಡುತ್ತಾರೆ. ಆಮೇಲೆ ಎಕ್ಸೆಲ್ ಮ್ಯಾಕ್ರೋ ಹಳೆ ಮೆಷಿನ್‌ನಷ್ಟೇ ನಿಧಾನ ಅಂತ ಕೊರಗುತ್ತಾರೆ.

ತಪ್ಪು ಎಲ್ಲಿದೆ ಅನ್ನುವುದು 1967ರಲ್ಲೇ ಗೊತ್ತಾಗಿತ್ತು. ಐಬಿಎಂನ ಸಿಸ್ಟಮ್/360 ಕಂಪ್ಯೂಟರ್‌ಗಳ ಮುಖ್ಯ ವಿನ್ಯಾಸಕ ಜೀನ್ ಆಮ್ಡಾಲ್ ಅದನ್ನು ಬಿಡಿಸಿ ಹೇಳಿದ್ದರು. ಯಾವ ಕೆಲಸದಲ್ಲೂ ಎರಡು ಪಾಲು ಇರುತ್ತದೆ. ಒಂದು, ಹಂಚಿಕೊಂಡು ಮಾಡುವಂಥದ್ದು. ಇನ್ನೊಂದು, ಒಂದರ ಹಿಂದೆ ಒಂದು ನಡೆಯಲೇಬೇಕಾದದ್ದು. ಹಬ್ಬದ ಹೋಳಿಗೆ ನೋಡಿ. ಲಟ್ಟಿಸಲು ಹತ್ತು ಜನ ಕೂತರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಬೇಳೆ ಬೇಯದೆ, ಹೂರಣ ರುಬ್ಬದೆ ಆ ಹತ್ತು ಜನ ಏನು ಮಾಡುತ್ತಾರೆ? ಸುಮ್ನೆ ಕಾಯುತ್ತಾರೆ.

ಅಂಕಿಯಲ್ಲೇ ನೋಡೋಣ. ಒಂದು ಕೋರ್ 100 ಸೆಕೆಂಡ್ ತೆಗೆದುಕೊಳ್ಳುವ ಕೆಲಸ ಇದೆ ಅನ್ನಿ. ಅದರಲ್ಲಿ 60 ಸೆಕೆಂಡ್ ಹಂಚಬಹುದು, 40 ಹಂಚಲಾಗದು. ಎರಡು ಕೋರ್ ಇದ್ದರೆ 70 ಸೆಕೆಂಡ್. ನಾಲ್ಕಿದ್ದರೆ 55. ಎಂಟಿದ್ದರೆ 47.5. ಹದಿನಾರು ಕೊಟ್ಟರೂ 43.75. ಸಾವಿರ ಕೋರ್ ತಂದರೂ 40ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಈಗ ಕೋರ್ ನಾಲ್ಕೇ ಇರಲಿ, ಆದರೆ ಒಂದೊಂದೂ ಶೇಕಡಾ 25ರಷ್ಟು ಚುರುಕಾಗಿರಲಿ. 55 ಸೆಕೆಂಡಿನ ಕೆಲಸ 44ಕ್ಕೆ ಮುಗಿಯಿತು! ಹೆಚ್ಚುಕಮ್ಮಿ ಹದಿನಾರು ಕೋರ್ ಕೊಟ್ಟದ್ದನ್ನೇ ನಾಲ್ಕು ಚುರುಕಾದ ಕೋರ್ ಕೊಟ್ಟವು. ಈ ಲೆಕ್ಕ ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಾದರೆ ಕೋರ್‌ನ ವೇಗವನ್ನೇ ಏರಿಸುತ್ತಾ ಹೋಗಬಹುದಿತ್ತಲ್ವಾ? ಹೋದರು. 2000ದಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ 4 ಚಿಪ್ ಬಂದಾಗ 1.5 ಗಿಗಾಹರ್ಟ್ಸ್ ಇತ್ತು. 2004ರ ಹೊತ್ತಿಗೆ 3.8 ಮುಟ್ಟಿತು. 4 ಗಿಗಾಹರ್ಟ್ಸ್ ಚಿಪ್ ತರುತ್ತೇವೆ ಅಂದಿದ್ದ ಇಂಟೆಲ್ ಅದೇ ವರ್ಷ ಆ ಯೋಜನೆ ಕೈಬಿಟ್ಟಿತು. 3.8ರ ಚಿಪ್ಪೇ 115 ವಾಟ್‌ನ ಕಾವು ಹೊರಹಾಕುತ್ತಿತ್ತು. ಮರುವರ್ಷ, 2005ರಲ್ಲಿ, ಇಂಟೆಲ್ ಮತ್ತು ಅದರ ಪ್ರತಿಸ್ಪರ್ಧಿ ಎಎಂಡಿ ಎರಡೂ ಮನೆಬಳಕೆಯ ಕಂಪ್ಯೂಟರ್‌ಗೆ ಎರಡು ಕೋರ್‌ಗಳ ಚಿಪ್ ತಂದವು.

ಎರಡು ಕೋರ್ ಹಾಕಿದರೆ ಕಾವು ದುಪ್ಪಟ್ಟಾಗಲಿಲ್ಲವೇ? ಇಡೀ ಕತೆಯಲ್ಲಿ ನನಗೆ ಅತಿ ಇಷ್ಟದ ಜಾಗ ಇದೇ. ಚಿಪ್ ಎಳೆಯುವ ವಿದ್ಯುತ್ತು ಅದರ ವೇಗದ ಜೊತೆ ಏರುತ್ತದೆ, ವೋಲ್ಟೇಜ್‌ನ ವರ್ಗದ (ವೋಲ್ಟೇಜ್ × ವೋಲ್ಟೇಜ್) ಜೊತೆಗೂ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕು. ಹಾಗಾಗಿ ವೇಗ ಸ್ವಲ್ಪ ಏರಿದರೂ ಕಾವು ಬಹಳ ಏರುತ್ತದೆ. ಇದನ್ನೇ ತಿರುಗಿಸಿ. ವೇಗವನ್ನೂ ವೋಲ್ಟೇಜನ್ನೂ ಐದರಲ್ಲಿ ಒಂದು ಪಾಲು ತಗ್ಗಿಸಿದರೆ 0.8 × 0.8 × 0.8, ಅಂದರೆ ಸುಮಾರು ಅರ್ಧ ವಿದ್ಯುತ್ತು ಸಾಕು. ಉಳಿದ ಅರ್ಧದಲ್ಲಿ ಇನ್ನೊಂದು ಕೋರ್ ಓಡಿಸಬಹುದು. ಅದೇ ಕಾವಿಗೆ ಒಟ್ಟು ದುಡಿಮೆ 1.6 ಪಟ್ಟು. ಕೆಲಸ ಹಂಚಲು ಬರುವುದಾದರೆ ಮಾತ್ರ. ಹಂಚಲು ಬಾರದ ಕೆಲಸಕ್ಕೆ ಸಿಗುವುದು ಆ 0.8 ಅಷ್ಟೇ. ಅದಕ್ಕೇ ಇವತ್ತಿನ ಚಿಪ್‌ಗಳು ಒಂದೆರಡು ಕೋರ್‌ಗೆ ಮಾತ್ರ ಕೆಲಸ ಇದ್ದಾಗ ಅವುಗಳ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. ಟರ್ಬೋ ಅನ್ನುವುದು ಇದನ್ನೇ.

ಗಿಗಾಹರ್ಟ್ಸ್ ಕೂಡ ಪೂರ್ತಿ ಸತ್ಯ ಹೇಳುವುದಿಲ್ಲ. 2020ರಲ್ಲಿ ಬಂದ ಆಪಲ್‌ನ ಎಂ1 ಚಿಪ್‌ಗೆ 3.2 ಗಿಗಾಹರ್ಟ್ಸ್ ಮಾತ್ರ. ಆದರೂ ಅದರ ಒಂದು ಕೋರ್ ಮುಂದೆ 3.8ರ ಪೆಂಟಿಯಂ 4 ನಿಲ್ಲಲಾರದು. ಒಂದೊಂದು ಗಡಿಯಾರದ ಮಿಡಿತಕ್ಕೆ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದೂ ಸೇರಬೇಕು.

ಲ್ಯಾಪ್‌ಟಾಪ್‌ನಲ್ಲಿ ಕೋರ್‌ಗಳೆಲ್ಲ ಒಂದೇ ತರದವೂ ಅಲ್ಲ. ಇಂಟೆಲ್‌ನ ಐ7-1355ಯು ಚಿಪ್‌ಗೆ ಹತ್ತು ಕೋರ್. ಅವುಗಳಲ್ಲಿ ಚುರುಕಾದ ದೊಡ್ಡವು ಎರಡೇ, ಉಳಿದ ಎಂಟು ವಿದ್ಯುತ್ತು ಉಳಿಸುವ ಸಣ್ಣವು. ಡಬ್ಬಿಯ ಮೇಲೆ 5 ಗಿಗಾಹರ್ಟ್ಸ್ ಅಂತಿದ್ದರೂ ಅದರ ಮೂಲ ವಿದ್ಯುತ್ ಮಿತಿ 15 ವಾಟ್. ಐ5-12450ಎಚ್ ಚಿಪ್‌ಗೆ ಎಂಟೇ ಕೋರ್, ಆದರೆ ದೊಡ್ಡವು ನಾಲ್ಕು, ಮಿತಿ 45 ವಾಟ್. ದಿನವಿಡೀ ವೀಡಿಯೊ ಎಡಿಟ್ ಮಾಡುವವರಿಗೆ ಹೆಸರಲ್ಲಿ ಚಿಕ್ಕದಾದ ಈ ಎರಡನೆಯದೇ ಒಳ್ಳೆಯದು, ಫ್ಯಾನ್ ಸರಿಯಾಗಿದ್ದರೆ. ಬ್ಯಾಟರಿ ಜಾಸ್ತಿ ಹೊತ್ತು ಬೇಕು, ಬ್ರೌಸರ್ ಮತ್ತು ವರ್ಡ್ ಸಾಕು ಅನ್ನುವವರಿಗೆ ಮೊದಲನೆಯದು.

ನಿಮ್ಮ ಕೆಲಸ ಯಾವ ಜಾತಿಯದು ಅಂತ ಹೊಸದು ಕೊಳ್ಳುವ ಮೊದಲೇ ತಿಳಿಯಬಹುದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ಗೆ ಹೋಗಿ, ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಗ್ರಾಫ್ ಟು ಅನ್ನುವುದರಲ್ಲಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಗ್ರಾಫ್ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತದೆ. ಈಗ ನಿಮ್ಮನ್ನು ಕಾಯಿಸುವ ಕೆಲಸವನ್ನೇ ಶುರು ಮಾಡಿ. ವೀಡಿಯೊ ಎಕ್ಸ್‌ಪೋರ್ಟ್ ಆದರೆ ಸಾಮಾನ್ಯವಾಗಿ ಚೌಕಗಳೆಲ್ಲ ತುಂಬಿಕೊಳ್ಳುತ್ತವೆ, ಸ್ವಲ್ಪ ಹೊತ್ತಿಗೆ ಕೆಳಗಿನ ಸ್ಪೀಡ್ ಅಂಕಿ ಇಳಿಯುತ್ತದೆ. ಇಂಥ ಕೆಲಸ ಮಾಡುವವರಿಗೆ ಜಾಸ್ತಿ ಕೋರ್, ಜಾಸ್ತಿ ವಾಟ್ ಬೇಕು. ಒಂದೆರಡು ಚೌಕ ಮಾತ್ರ ಮೇಲೇರಿ, ಉಳಿದವು ತಳದಲ್ಲೇ ಇದ್ದು, ಫೈಲ್ ಮಾತ್ರ ಅಲ್ಲಾಡದೆ ನಿಂತಿದ್ದರೆ ಇನ್ನೂ ನಾಲ್ಕು ಕೋರ್‌ಗೆ ದುಡ್ಡು ಸುರಿಯಬೇಡಿ. ಒಂಟಿ ಕೋರ್ ಚುರುಕಾಗಿರುವ ಚಿಪ್ ಹುಡುಕಿ.