ಅಜ್ಜನ ಮಡಚುವ ಚೂರಿ: ಒರಿಜಿನಲ್ಲೋ, ಆಮೇಲೆ ಜೋಡಿಸಿದ್ದೋ?

ಪ್ರಶ್ನೆ: ಅಜ್ಜ ತೀರಿಹೋದ ಮೇಲೆ ಅವರ ಎಲೆಪೆಟ್ಟಿಗೆಯಲ್ಲಿ ಒಂದು ಮಡಚುವ ಚೂರಿ ಸಿಕ್ಕಿತು. ಎರಡು ಅಲಗು ಇದೆ. ದೊಡ್ಡ ಅಲಗಿನ ಬುಡದಲ್ಲಿ ಕಿರೀಟ, ಜಿ ಆರ್ ಎಂಬ ಅಕ್ಷರ, ರಾಜರ್ಸ್ ಎಂಬ ಹೆಸರು ಕಾಣುತ್ತದೆ. ಹಳೆ ಸಾಮಾನು ಕೊಳ್ಳುವ ಒಬ್ಬರಿಗೆ ತೋರಿಸಿದೆ. "ಇದು ಆಮೇಲೆ ಜೋಡಿಸಿದ್ದು, ಒರಿಜಿನಲ್ ಅಲ್ಲ" ಅಂದರು. ಹಾಗಂದ್ರೆ ನಕಲಿ ಅಂತಲಾ? ನಾವೇ ನೋಡಿ ತಿಳಿಯುವುದು ಹೇಗೆ?
(ಪೆರ್ಲದ ಓದುಗರೊಬ್ಬರು)

ನಕಲಿ ಅಂತ ಅಲ್ಲ. ಕೊಳ್ಳಲು ಬಂದವರು ಈ ಎರಡು ಮಾತನ್ನು ಬೇಕಂತಲೇ ಒಟ್ಟಿಗೆ ಕಲಸುತ್ತಾರೆ. ಬೆಲೆ ಇಳಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಬದಿಯಡ್ಕ, ಮುಳ್ಳೇರಿಯ ಕಡೆಯ ಗುಡ್ಡದ ದಾರಿಯಲ್ಲಿ ಓಡುತ್ತಿದ್ದ ಹಳೆ ಜೀಪುಗಳು ನಿಮಗೆ ನೆನಪಿರಬಹುದು. ಇಂಜಿನ್ ಒಂದರದ್ದು, ಬಾಡಿ ಇನ್ನೊಂದರದ್ದು, ಗೇರ್‌ಬಾಕ್ಸ್ ಎಲ್ಲಿಯದ್ದೋ. ಒಂದೊಂದು ಭಾಗವೂ ಅಸಲಿಯೇ. ಆದರೆ ಆ ಜೀಪು ಕಂಪೆನಿಯಿಂದ ಹಾಗೆ ಹೊರಟದ್ದಲ್ಲ. ಚೂರಿಯ ಲೋಕದಲ್ಲಿ "ಜೋಡಿಸಿದ್ದು" ಅಂದರೆ ಇದೇ. ನಕಲಿ ಅಂದರೆ ಬೇರೆ: ಯಾವುದೋ ಸಾಮಾನ್ಯ ಅಲಗಿನ ಮೇಲೆ ದೊಡ್ಡ ಹೆಸರಿನ ಮುದ್ರೆ ಒತ್ತಿದ್ದು. ಇವೆರಡರ ನಡುವೆ ದುರಸ್ತಿ ಮಾಡಿದ್ದು ಅಂತ ಮೂರನೆಯದ್ದೂ ಒಂದಿದೆ. ನಿಮ್ಮ ಅಜ್ಜನದ್ದು ಆ ಸಾಲಿಗೆ ಸೇರುವ ಸಾಧ್ಯತೆ ಜಾಸ್ತಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಈ ಜೋಡಣೆ ಹೇಗೆ ನಡೆಯುತ್ತದೆ ಅಂತ ನೋಡಿ. ಚೂರಿ ಕಾರ್ಖಾನೆ ಮುಚ್ಚಿದಾಗ ಒಳಗೆ ಬಿಡಿಭಾಗಗಳ ರಾಶಿಯೇ ಉಳಿದಿರುತ್ತದೆ. ಅಲಗು, ಬೆನ್ನಿನ ಸ್ಪ್ರಿಂಗ್, ಹಿಡಿಯ ಪಟ್ಟಿ, ಅದರ ಒಳಬದಿಯ ಹಿತ್ತಾಳೆ ತಗಡು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಇಂಪೀರಿಯಲ್ ಶ್ರೇಡ್ ಕಾರ್ಖಾನೆ 2004ರಲ್ಲಿ ಮುಚ್ಚಿತು. ಅದೇ ರಾಜ್ಯದ ಕ್ಯಾಮಿಲಸ್ 2007ರಲ್ಲಿ. ಉಳಿದ ಭಾಗಗಳು ಮಾರಾಟವಾದವು. ಕೊಂಡವರು ಮನೆಯ ಶೆಡ್ಡಿನಲ್ಲಿ ಕೂತು ರಿವಿಟ್ ಹೊಡೆದರು. ಮುದ್ರೆ ನಿಜ, ಉಕ್ಕು ನಿಜ, ಹಿಡಿ ನಿಜ. ಚೂರಿ ಮಾತ್ರ ಕಾರ್ಖಾನೆ ಸತ್ತ ಮೇಲೆ ಹುಟ್ಟಿದ್ದು.

ನಾನೂ ಇದರಲ್ಲಿ ಒಮ್ಮೆ ಬಿದ್ದಿದ್ದೇನೆ. ಏಳೆಂಟು ವರ್ಷದ ಹಿಂದೆ ಆನ್‌ಲೈನಿನಲ್ಲಿ ಮೂರು ಅಲಗಿನ ಒಂದು ಓಲ್ಡ್ ಟೈಮರ್ ಕೊಂಡೆ, ಅದೇ ಶ್ರೇಡ್‌ನವರ ಚೂರಿ. ಕಂದು ಪ್ಲಾಸ್ಟಿಕ್ ಹಿಡಿ, "ಹಳೆ ಸ್ಟಾಕ್, ಒಮ್ಮೆಯೂ ಬಳಸಿಲ್ಲ" ಎಂಬ ವಿವರಣೆ. ನಾಲ್ಕೂವರೆ ಸಾವಿರ ಕೊಟ್ಟೆ. ಬಂದ ದಿನ ಖುಷಿಯೋ ಖುಷಿ. ಎರಡನೇ ದಿನ ಸುಮ್ನೆ ಕೈಯಲ್ಲಿ ಆಡಿಸುತ್ತಾ ಕೂತಾಗ ಬೆನ್ನಿನ ಮೇಲೆ ಉಗುರು ಎಳೆದೆ. ಅಲಗು ಬಿಚ್ಚಿದ್ದಾಗ ಸ್ಪ್ರಿಂಗ್ ಪಕ್ಕದ ತಗಡಿಗಿಂತ ಕೆಳಗೆ ಕೂತಿತ್ತು, ಉಗುರು ಗಕ್ಕನೆ ತಡೆಯಿತು. ಮುಚ್ಚಿದಾಗ ಒಂದು ಅಲಗು ಪಕ್ಕದ್ದನ್ನು ತಿಕ್ಕಿ ಗೀರು ಬೀಳುತ್ತಿತ್ತು. ಟಾರ್ಚು ಬಿಟ್ಟು ಒಳಗೆ ನೋಡಿದರೆ ಹಿತ್ತಾಳೆ ನಿನ್ನೆ ಅಂಗಡಿಯಿಂದ ತಂದ ಚೊಂಬಿನಂತೆ ಮಿನುಗುತ್ತಿತ್ತು. ಮಾರಿದವರಿಗೆ ಬರೆದೆ. ಉತ್ತರ ಬರಲಿಲ್ಲ. ಆ ಚೂರಿ ಈಗ ಮನೆಯಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚಲು ಬಳಕೆಯಾಗುತ್ತಿದೆ. ಆ ಕೆಲಸಕ್ಕೆ ಚೆನ್ನಾಗಿಯೇ ಇದೆ.

ಅಂದಿನಿಂದ ನಾನು ಹೆಸರನ್ನು ಕೊನೆಗೆ ನೋಡುತ್ತೇನೆ. ಮೊದಲು ಕೇಳುವುದು ಒಂದೇ: ಈ ಭಾಗಗಳೆಲ್ಲ ಒಟ್ಟಿಗೆ ಹಳತಾದವಾ?

ನಿಮ್ಮ ಚೂರಿಯನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿಯಿರಿ. ಹಿಡಿಯ ತುದಿಯಲ್ಲಿ ಲೋಹದ ಟೊಪ್ಪಿಯಂಥ ಭಾಗ ಇದೆಯಲ್ಲ, ಹೆಚ್ಚಾಗಿ ಅದು ಜರ್ಮನ್ ಸಿಲ್ವರ್. ಅಲಗು ತಿರುಗುವ ರಿವಿಟ್ ಹಾದುಹೋಗುವುದು ಅದರ ಮೂಲಕ. ಒಳ್ಳೆಯ ಕಾರ್ಖಾನೆಯವರು ಟೊಪ್ಪಿಯ ಲೋಹದ್ದೇ ರಿವಿಟ್ ಹಾಕಿ, ಬಡಿದು, ಉಜ್ಜಿ ಒಂದು ಮಾಡುತ್ತಾರೆ. ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಬಳಸಿದರೆ ಮಸುಕಾದ ಒಂದು ಉಂಗುರ ಕಾಣಬಹುದು, ಅದಕ್ಕೆ ಹೆದರಬೇಡಿ. ಆದರೆ ರಿವಿಟ್ಟಿನ ಬಣ್ಣವೇ ಬೇರೆ ಇದ್ದರೆ, ಸುತ್ತ ಸುತ್ತಿಗೆಯ ಸಣ್ಣ ತಗ್ಗು ಇದ್ದರೆ, ಯಾರೋ ಬಿಚ್ಚಿದ್ದಾರೆ. ಇನ್ನೂ ಒಂದು ಗುರುತು ಇದೆ. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಜೊತೆ ಇದ್ದ ಚೂರಿಯ ಮೇಲೆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ರಿವಿಟ್ಟಿನ ಸುತ್ತ ಮಾತ್ರ ಒಂದೇ ದಿಕ್ಕಿನ ಗೀರು ಕಂಡರೆ ಅದು ಅರದ ಕೆಲಸ.

ಆಮೇಲೆ ಬೆನ್ನು. ಒಳ್ಳೆಯ ಚೂರಿಯಲ್ಲಿ ಅಲಗು ಪೂರ್ತಿ ಬಿಚ್ಚಿದಾಗಲೂ ಪೂರ್ತಿ ಮಡಚಿದಾಗಲೂ ಸ್ಪ್ರಿಂಗ್ ತಗಡಿನ ಮಟ್ಟಕ್ಕೇ ಬರಬೇಕು. ನಡುವೆ ಮೇಲೇಳುವುದು ಸಹಜ. ಒಂದೊಂದು ಅಲಗನ್ನೂ ಅದರ ಸ್ಪ್ರಿಂಗಿಗೆ ಕುಶಲಕರ್ಮಿಯೊಬ್ಬ ಕೂತು ಉಜ್ಜಿ ಹೊಂದಿಸಿದ್ದರಿಂದ ಅದು ಹಾಗೆ ಕೂರುತ್ತದೆ. ಬೇರೆ ಚೂರಿಯ ಅಲಗು ತಂದು ಹಾಕಿದರೆ ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಶಬ್ದವೂ ಹೇಳುತ್ತದೆ. ಮಡಚುವಾಗ ಠಕ್ ಅನ್ನಬೇಕು. ಮೆತ್ತಗೆ ಬಿದ್ದರೆ ಸ್ಪ್ರಿಂಗ್ ದಣಿದಿದೆ ಅಥವಾ ಅಲಗು ಅದರದ್ದಲ್ಲ.

ಅಲಗಿನ ಸವೆತ ನೋಡಿ. ಐವತ್ತು ವರ್ಷ ಸಾಣೆ ಹಿಡಿದ ಅಲಗು ಸಪುರವಾಗಿರುತ್ತದೆ. ಹಿಡಿ ಸವೆದು ನಯವಾಗಿ, ಅಲಗು ಮಾತ್ರ ತುಂಬಿದ ಮೈಯಲ್ಲಿ ಇದ್ದರೆ ಏನೋ ಸರಿಯಿಲ್ಲ, ಅಲ್ವಾ?

ನಮ್ಮ ಊರಿನವರಿಗೆ ಮಾತ್ರ ಸಿಗುವ ಸಾಕ್ಷಿ ಒಂದಿದೆ. ಅಜ್ಜ ಆ ಚೂರಿಯಲ್ಲಿ ಅಡಕೆ ಕೆರೆದಿರುತ್ತಾರೆ, ಹೋಳು ಮಾಡಿರುತ್ತಾರೆ. ಅಡಕೆಯ ಚೊಗರು ಹಳೆ ಕಾರ್ಬನ್ ಉಕ್ಕಿಗೆ ತಾಗಿದರೆ ನೀಲಿಗಪ್ಪು ಬಣ್ಣ ಹಿಡಿಯುತ್ತದೆ. ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಆ ಕಪ್ಪು ಅಲಗಿನ ಮೈಯಲ್ಲಿ ಮಾತ್ರ ಇರಬಾರದು. ರಸ ಹರಿದು ಬುಡಕ್ಕೂ ಹೋಗಿರುತ್ತದೆ, ಸ್ಪ್ರಿಂಗಿನ ತುದಿಗೂ ತಗಡಿನ ಒಳಮೈಗೂ ತಾಗಿರುತ್ತದೆ. ಟಾರ್ಚು ಬಿಟ್ಟು ನೋಡಿ. ಒಳಗೆ ಒಣಗಿದ ಎಣ್ಣೆ, ಜೇಬಿನ ನೂಲು, ಕಪ್ಪು ಕೊಳೆ ಕಂಡರೆ ಸಂತೋಷಪಡಿ. ಕರಾವಳಿಯ ಮಳೆಗಾಲ, ಉಪ್ಪು ಗಾಳಿ ಕಂಡ ಕಾರ್ಬನ್ ಉಕ್ಕು ಎಂಬತ್ತು ವರ್ಷದ ಮೇಲೂ ಬೆಳ್ಳಿಯಂತೆ ಹೊಳೆದರೆ ನಾನಂತೂ ನಂಬುವುದಿಲ್ಲ.

ಈಗ ಮುದ್ರೆಗೆ ಬರೋಣ. ರಾಜರ್ಸ್ ಅಂದರೆ ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಅವರ ಗುರುತು. ಆಯಾ ಕಾಲದ ರಾಜ ಅಥವಾ ರಾಣಿಯ ಅಕ್ಷರಗಳನ್ನೂ ಒತ್ತುತ್ತಿದ್ದರು. ವಿ ಆರ್ ಅಂದರೆ ವಿಕ್ಟೋರಿಯಾ, 1901ರವರೆಗೆ. ಜಿ ಆರ್ ಅಂದರೆ ಜಾರ್ಜ್. ಐದನೇ ಜಾರ್ಜ್ 1910ರಿಂದ 1936, ಆರನೇ ಜಾರ್ಜ್ 1936ರಿಂದ 1952. ಹಾಗಾಗಿ ನಿಮ್ಮ ದೊಡ್ಡ ಅಲಗು 1910ರ ಈಚಿನದ್ದಾಗಿರುವ ಸಾಧ್ಯತೆಯೇ ಹೆಚ್ಚು. ಈಗ ಸಣ್ಣ ಅಲಗಿನ ಬುಡ ನೋಡಿ. ಅಲ್ಲಿ ವಿ ಆರ್ ಇದ್ದರೆ ಎರಡು ಚೂರಿ ಸೇರಿ ಒಂದಾಗಿದೆ ಅಂತ ಅನುಮಾನಿಸಿ. ಸ್ಟೇನ್‌ಲೆಸ್ ಎಂಬ ಪದದ ಮೇಲೂ ಕಣ್ಣಿಡಿ. ಶೆಫೀಲ್ಡಿನಲ್ಲೇ ಹ್ಯಾರಿ ಬ್ರಿಯರ್ಲಿ ಆ ಉಕ್ಕನ್ನು ಮಾಡಿದ್ದು 1913ರಲ್ಲಿ. ವಿ ಆರ್ ಮುದ್ರೆ ಮತ್ತು ಸ್ಟೇನ್‌ಲೆಸ್ ಎಂಬ ಪದ ಒಂದೇ ಚೂರಿಯಲ್ಲಿ ಕಂಡರೆ ನಕ್ಕು ಕೆಳಗಿಡಿ.

ಅಮೆರಿಕದ ಕೇಸ್ ಕಂಪೆನಿಯ ಲೆಕ್ಕ ಇನ್ನೂ ಸಲೀಸು. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಇಟ್ಟರು. ವರ್ಷಕ್ಕೊಂದು ಕಡಿಮೆ ಮಾಡುತ್ತಾ 1979ಕ್ಕೆ ಒಂದೇ ಚುಕ್ಕೆ ಉಳಿಯಿತು. ಆ ಸಾಲಿನ ಮುದ್ರೆಯಲ್ಲಿ ಏಳು ಚುಕ್ಕೆ ಕಂಡರೆ 1973. ಬುಡದಲ್ಲಿ ಮಾದರಿಯ ನಂಬರೂ ಇರುತ್ತದೆ. 6254 ಅಂತ ಇದ್ದರೆ ಮೊದಲ 6 ಮೂಳೆಯ ಹಿಡಿಗೆ, 2 ಅಂದರೆ ಎರಡು ಅಲಗು, 54 ಮಾದರಿ. ಮೊದಲ ಅಂಕೆ 5 ಆದರೆ ಕೊಂಬಿನ ಹಿಡಿ. ಅಲಗಿನಲ್ಲಿ 6 ಇದ್ದು ಕೈಯಲ್ಲಿ ಕೊಂಬು ಇದ್ದರೆ ಹಿಡಿ ಬದಲಾಗಿದೆ. ಕೊಂಬಿನದ್ದಕ್ಕೆ ಬೆಲೆ ಜಾಸ್ತಿ ಅಂತ ಬದಲಿಸುವವರಿದ್ದಾರೆ. ಫ್ರಾನ್ಸಿನ ಒಪಿನೆಲ್ ನೋಡಿ ಹೇಳುವುದು ಎಲ್ಲಕ್ಕಿಂತ ಸುಲಭ. ಅಲಗನ್ನು ಬಿಗಿ ಹಿಡಿಯುವ ತಿರುಗುವ ಉಂಗುರ ಬಂದದ್ದೇ 1955ರಲ್ಲಿ. "ಯುದ್ಧಕ್ಕೆ ಮುಂಚಿನದ್ದು" ಅಂತ ಯಾರಾದರೂ ಉಂಗುರ ಇರುವ ಚೂರಿ ತಂದರೆ ಮಾತು ಅಲ್ಲಿಗೇ ಮುಗಿಯಿತು.

ಆದರೆ ಎರಡು ಅಲಗಿನ ಮುದ್ರೆ ಬೇರೆ ಬೇರೆ ಇದ್ದ ಕೂಡಲೇ ಕಳ್ಳತನ ಅಂತ ತೀರ್ಮಾನ ಬೇಡ. ಕಾರ್ಖಾನೆಯವರೂ ಹಳೆ ಅಲಗು ಬಿಸಾಡುವುದಿಲ್ಲ. ಕೇಸ್ ಕಂಪೆನಿ 1965ರ ಹೊತ್ತಿಗೆ ಮುದ್ರೆಗೆ ಯು.ಎಸ್.ಎ. ಸೇರಿಸಿತು. ಆ ಸಂಧಿಕಾಲದ ಕೆಲವು ಚೂರಿಗಳಲ್ಲಿ ಒಂದು ಅಲಗಿಗೆ ಹಳೆ ಮುದ್ರೆ, ಇನ್ನೊಂದಕ್ಕೆ ಹೊಸದು. ಅವು ಕಾರ್ಖಾನೆಯಿಂದಲೇ ಹಾಗೆ ಬಂದವು. ಅಕ್ಕಪಕ್ಕದ ಕಾಲದ ಮುದ್ರೆ ಒಟ್ಟಿಗೆ ಕಂಡರೆ ಯೋಚಿಸಿ. ಮೂವತ್ತು ವರ್ಷದ ಅಂತರ ಇದ್ದರೆ ಯೋಚಿಸಬೇಕಾಗಿಲ್ಲ, ಆಮೇಲೆ ಸೇರಿಸಿದ್ದೇ.

ಹಿಡಿಯ ವಿಷಯಕ್ಕೆ ಬಂದರೆ ನಾನು ಒಂದು ಚಿಕ್ಕ ಉಪಕರಣ ಇಟ್ಟುಕೊಂಡಿದ್ದೇನೆ. ಅಂಗಡಿಯವರು ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚು. ಹಳೆ ಕಾಲದವರು ಹಿಡಿಯ ಪಟ್ಟಿಯನ್ನು ರಿವಿಟ್ಟಿನಲ್ಲೇ ಕೂರಿಸುತ್ತಿದ್ದರು. ಈಗಿನವರು ಅಂಟು ಹಾಕುತ್ತಾರೆ. ಕತ್ತಲೆ ಕೋಣೆಯಲ್ಲಿ ಆ ಟಾರ್ಚು ಬಿಟ್ಟರೆ ಈಗಿನ ಹಲವು ಅಂಟುಗಳು ಸಂದಿಯಲ್ಲಿ ನೀಲಿಯಾಗಿ ಹೊಳೆಯುತ್ತವೆ. ಮೂಳೆ ತಾನೇ ತಾನಾಗಿ ಹೊಳೆಯುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ನೀವು ನೋಡಬೇಕಾದದ್ದು ಸಂದಿಯ ಗೆರೆ. ಕಾಯಿಸಿದ ಸೂಜಿ ಚುಚ್ಚಿ ನೋಡು ಅನ್ನುವವರ ಮಾತು ಕೇಳಬೇಡಿ. ಗೊತ್ತಾಗುವ ಮುಂಚೆ ಚೂರಿ ಹಾಳಾಗಿರುತ್ತದೆ.

ಹಿಡಿ ಬಿಳಿ ಇದ್ದು, ಹತ್ತಿರದಿಂದ ನೋಡಿದರೆ ಸಣ್ಣ ಗೆರೆಗಳು ಒಂದನ್ನೊಂದು ದಾಟುವ ಬಲೆಯಂತೆ ಕಂಡರೆ ಅದು ದಂತ ಇರಬಹುದು. ರಾಜರ್ಸಿನವರು ದಂತದ ಹಿಡಿ ಬಹಳ ಮಾಡುತ್ತಿದ್ದರು. ಒರಟಾಗಿ ಕಂದು ಇದ್ದರೆ ಕಡವೆ ಕೊಂಬು. ನಮ್ಮ ದೇಶದ ಕಾಡಿನ ಕೊಂಬೇ ಹಡಗು ಹತ್ತಿ ಶೆಫೀಲ್ಡಿಗೆ ಹೋಗಿ, ಚೂರಿಯಾಗಿ ವಾಪಸ್ ಬರುತ್ತಿತ್ತು. ಎರಡೂ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಳಗೆ ಬರುತ್ತವೆ. ಮಾರುವ ಮಾತೇ ಇಲ್ಲ. ಕೊಳ್ಳಲು ಬಂದವರು ಇದನ್ನು ಹೇಳಲಿಲ್ಲ ಅಂದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಮ್ಮನಿದ್ದಾರೆ.

ಇನ್ನು ದುರಸ್ತಿಯ ವಿಷಯ. ನಿಮ್ಮ ಅಜ್ಜ ಆ ಚೂರಿಯನ್ನು ನಲವತ್ತೋ ಐವತ್ತೋ ವರ್ಷ ಬಳಸಿದ್ದರೆ ಒಮ್ಮೆಯಾದರೂ ಹಿಡಿ ಒಡೆದಿರುತ್ತದೆ, ರಿವಿಟ್ ಸಡಿಲವಾಗಿರುತ್ತದೆ. ಆಗ ಯಾರೂ ಶೆಫೀಲ್ಡಿಗೆ ಕಳಿಸುತ್ತಿರಲಿಲ್ಲ. ಆಚಾರಿಯ ಕುಲುಮೆಗೆ ಕೊಂಡುಹೋಗುತ್ತಿದ್ದರು. ಅವರು ತಾಮ್ರದ ತಂತಿ ಕತ್ತರಿಸಿ ರಿವಿಟ್ ಮಾಡುತ್ತಿದ್ದರು. ಹಿಡಿಗೆ ಹಲಸಿನ ಮರ, ಕೆಲವೊಮ್ಮೆ ತೆಂಗಿನ ಗೆರಟೆ. ನನ್ನ ಹತ್ತಿರ ಗೆರಟೆ ಹಿಡಿಯ ಒಂದು ಚೂರಿ ಇದೆ. ಒಳಗಿನ ಅಲಗು, ಸ್ಪ್ರಿಂಗ್, ತಗಡು ಎಲ್ಲ ಒಂದೇ ಕಪ್ಪು. ಹೊರಗಿನ ಗೆರಟೆ ಬೇರೆ ಕಾಲದ್ದು, ಆದರೆ ಅದೂ ಕೈಬೆವರು ಕುಡಿದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ. ಅದನ್ನು ಯಾರಾದರೂ "ಒರಿಜಿನಲ್ ಅಲ್ಲ" ಅಂದರೆ ನಾನು ಹೌದು ಅನ್ನುತ್ತೇನೆ, ಕೊಡುವುದಿಲ್ಲ. ಸಂಗ್ರಹದವರ ಪಟ್ಟಿಯಲ್ಲಿ ಅದರ ಬೆಲೆ ಅರ್ಧಕ್ಕಿಂತ ಕಡಿಮೆ ಎಂಬುದೂ ನಿಜ. ಸಿಟ್ಟು ಮಾಡಿ ಪ್ರಯೋಜನವಿಲ್ಲ.

ನಿಮ್ಮ ಚೂರಿಯನ್ನು ನಾನು ನೋಡಿಲ್ಲ. ಆದರೆ ಎಲೆಪೆಟ್ಟಿಗೆಯಲ್ಲಿ ಸಿಕ್ಕಿದೆ, ಮಾರಾಟಕ್ಕೆ ಅಂತ ಯಾರೂ ಸಿಂಗರಿಸಿಲ್ಲ. ಅದೇ ದೊಡ್ಡ ಅನುಕೂಲ. ದಯವಿಟ್ಟು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಸಾಕ್ಷಿ ಎಲ್ಲ ಆ ಕೊಳೆಯಲ್ಲೇ ಇದೆ. ತೆಂಗಿನೆಣ್ಣೆಯೂ ಬೇಡ, ಕೆಲವು ತಿಂಗಳಲ್ಲಿ ಜಿಡ್ಡುಗಟ್ಟುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸಾಕು. ಮತ್ತೆ ಬರೆಯುವುದಾದರೆ ಫೋಟೊ ಕಳಿಸಿ. ಎರಡೂ ಅಲಗಿನ ಬುಡದ್ದು ಒಂದೊಂದು, ಓರೆ ಬೆಳಕಿನಲ್ಲಿ ಟೊಪ್ಪಿಯದ್ದು ಒಂದು, ಚೂರಿ ಬಿಚ್ಚಿಟ್ಟು ಬೆನ್ನಿನ ಕಡೆಯಿಂದ ತೆಗೆದದ್ದು ಒಂದು. ಬೆನ್ನಿನದ್ದನ್ನು ಎಲ್ಲರೂ ಮರೆಯುತ್ತಾರೆ.