ಅಕ್ಷರ ಕಲಿಸುವುದು: ‘ಅ ಆ ಇ ಈ’ಗಿಂತ ಮೊದಲು ‘ರ ಗ ಸ ದ’

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ: 13 ಸ್ವರ, 2 ಯೋಗವಾಹ (ಅಂ, ಅಃ), 34 ವ್ಯಂಜನ. ಇಷ್ಟನ್ನೂ ಗಡಗಡ ಒಪ್ಪಿಸುವ ಮಗುವಿಗೆ ‘ಡ’ ಒಂದನ್ನೇ ಬರೆದು ತೋರಿಸಿ ನೋಡಿ. ಬಹಳ ಮಕ್ಕಳು ‘ಕ ಖ ಗ ಘ’ದಿಂದ ಹಾಡಿಕೊಂಡು ಬಂದೇ ‘ಡ’ ಮುಟ್ಟುತ್ತಾರೆ. ಅವರಿಗೆ ಬಂದಿರುವುದು ಹಾಡು. ಆಕಾರ ಕಂಡೊಡನೆ ಉಲಿ ಬಾಯಿಗೆ ಬರುವುದು ಬೇರೆಯೇ ಕಲಿಕೆ. ಡಿ.ಎಲ್.ಇಡಿ (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ) ಓದುತ್ತಿರುವವರು, ಅಂಗನವಾಡಿಯಲ್ಲಿ ಕಲಿಸುವವರು ಈ ಎರಡನ್ನೂ ಬೇರ್ಪಡಿಸಿ ನೋಡುವುದನ್ನು ಮೊದಲು ರೂಢಿಸಿಕೊಳ್ಳಬೇಕು.

ಕ್ರಮ ಯಾವುದು?

ವರ್ಣಮಾಲೆಯ ಸಾಲು ಉಚ್ಚಾರಣೆಯ ಸ್ಥಾನ ನೋಡಿ ಕಟ್ಟಿದ್ದು: ಗಂಟಲಿನಿಂದ ಹೊರಟು ತುಟಿಗೆ ಬಂದು ಮುಟ್ಟುತ್ತದೆ. ವ್ಯಾಕರಣಕ್ಕೆ ಇದಕ್ಕಿಂತ ಸೊಗಸಾದ ಜೋಡಣೆ ಬೇಕಿಲ್ಲ. ಓದು ಕಲಿಯುವ ಮಗುವಿಗೆ ಮಾತ್ರ ಇದು ಒಗ್ಗುವುದಿಲ್ಲ. ಐದನೇ ವ್ಯಂಜನವೇ ‘ಙ’. ಅದರಿಂದ ಶುರುವಾಗುವ ಪದ ಮಗುವಿನ ಮಾತಿನಲ್ಲಿ ಒಂದೂ ಇಲ್ಲ. ಕನ್ನಡ ಪದದಲ್ಲಿ ಸ್ವರಾಕ್ಷರ ಸಾಮಾನ್ಯವಾಗಿ ಮೊದಲಲ್ಲಿ ಮಾತ್ರ ಬರುತ್ತದೆ. ಹಾಗಾಗಿ ಮೊದಲ ತಿಂಗಳೆಲ್ಲ ಸ್ವರ ತಿದ್ದಿಸಿದರೆ ‘ಆ’, ‘ಈ’ ಬಿಟ್ಟು ಓದಲು ಹೆಚ್ಚೇನೂ ಸಿಗುವುದಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಎಂಬ ಕಲಿಕೆಯ ವಿಧಾನ ಈ ಸಾಲನ್ನು ಮುರಿಯಿತು. ಅದರ ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಮೊದಲ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ, ದಸರ ಹುಟ್ಟುತ್ತವೆ. ‘ಗರಗಸ’ ನಾಲ್ಕಕ್ಷರದ ಪದ, ಮೂರೇ ಅಕ್ಷರ ಗೊತ್ತಿದ್ದರೆ ಸಾಕು. ಎರಡನೇ ಗುಂಪು ಸೇರಿದರೆ ಮರ, ಜನ, ದನ, ನಗರ, ಬಸವ ಎಲ್ಲ ಓದಬಹುದು. ಕಲಿತ ಅಕ್ಷರ ಆ ವಾರವೇ ಮಾತಾಗುವುದರಿಂದ ಮಗು ಅದನ್ನು ಮರೆಯುವುದಿಲ್ಲ.

ಒಂದು ಎಚ್ಚರಿಕೆ: ‘ರ’ ಮತ್ತು ‘ದ’ ಒಂದೇ ಗುಂಪಿನಲ್ಲಿದ್ದರೂ ಒಂದೇ ದಿನ ಬೇಡ. ಎರಡೂ ಸುತ್ತಿನ ಮೇಲೆ ತಲೆಕಟ್ಟು. ‘ದ’ದ ತಳದಲ್ಲಿ ಒಳಕ್ಕೆ ಸಣ್ಣ ಮಡಿಕೆ ಇದೆ, ಅಷ್ಟೇ ವ್ಯತ್ಯಾಸ. ನಡುವೆ ‘ಗ’, ‘ಸ’ ಗಟ್ಟಿಯಾಗಲಿ.

ಗುರುತಿಸುವುದು

ಬರೆಸುವ ಮೊದಲು ಗುರುತಿಸುವುದು ಬರಬೇಕು. ಅಂಗೈಯಗಲದ ರಟ್ಟಿನ ಮಿಂಚುಪಟ್ಟಿ, ಒಂದರಲ್ಲಿ ಒಂದೇ ಅಕ್ಷರ, ಚಿತ್ರ ಬೇಡ. ‘ಅ - ಅರಸ’ ಎಂದು ಕಿರೀಟದ ಚಿತ್ರವಿದ್ದರೆ ಮಗು ಓದುವುದು ಕಿರೀಟವನ್ನು. ಚಿತ್ರ ಮುಚ್ಚಿದರೆ ಅಕ್ಷರವೂ ಮಾಯ. ಗೋಡೆಯ ಪಟದಲ್ಲಿ ಚಿತ್ರ ಇರಲಿ, ಪರೀಕ್ಷಿಸುವ ಪಟ್ಟಿಯಲ್ಲಿ ಬೇಡ.

ಮೊದಲು ‘ಗ ಕೊಡು’ ಎನ್ನಿ, ಮಗು ಆರಿಸಿ ಕೊಡಲಿ. ಇದು ಸುಲಭ. ಆಮೇಲೆ ಪಟ್ಟಿ ತೋರಿಸಿ ‘ಇದೇನು?’ ಎನ್ನಿ. ಇದು ಕಷ್ಟ, ನಾಲ್ಕೈದು ದಿನ ತಡವಾಗಿ ಬರುತ್ತದೆ. ಕೊನೆಗೆ ಹಳೆಯ ದಿನಪತ್ರಿಕೆಯ ದಪ್ಪ ತಲೆಬರಹದಲ್ಲಿ ‘ಗ’ ಎಲ್ಲೆಲ್ಲಿದೆ ಎಂದು ಸುತ್ತು ಹಾಕಿಸಿ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಪ್ರತಿ ಸಲವೂ ಕಲೆಸಿ ಕೇಳಬೇಕು, ಇಲ್ಲದಿದ್ದರೆ ಮತ್ತೆ ಹಾಡು ಶುರುವಾಗುತ್ತದೆ.

ತಿದ್ದುವುದು

ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತೇವೆ. ಒಳ್ಳೆಯ ಉಪಾಯ, ಒಂದೇ ದಿನಕ್ಕೆ ನಿಲ್ಲಿಸುವುದೇ ತಪ್ಪು. ರಾಗಿ, ಮರಳು ಯಾವುದಾದರೂ ಸರಿ, ಎರಡು ಮೂರು ವಾರ ಬೆರಳಲ್ಲೇ ತಿದ್ದಲಿ. ನೆಲದ ಮೇಲಿನ ದೊಡ್ಡ ಅಕ್ಷರದುದ್ದಕ್ಕೂ ಹುಣಸೆ ಬೀಜ ಜೋಡಿಸಲಿ. ಆಮೇಲೆ ಸ್ಲೇಟು, ಬಳಪ. ಗೆರೆ ಪುಸ್ತಕ ಕೊನೆಗೆ. ಬಳಪ ಹೆಬ್ಬೆರಳಿನ ಅರ್ಧದಷ್ಟು ಮೋಟಾಗಿರಲಿ: ಉದ್ದ ಇದ್ದರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಮೋಟು ತುಂಡನ್ನು ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ. ಎಲ್ಲಿಂದ ಶುರು ಎಂಬುದಕ್ಕೆ ಒಂದು ಬಣ್ಣದ ಚುಕ್ಕೆ ಇಡಿ. ‘ಗ’ ಆದರೆ ಎಡಗಡೆ ಕೆಳಗಿನಿಂದ ಮೇಲೇರಿ ಕಮಾನಿನಂತೆ ಬಾಗಿ ಬಲಕ್ಕೆ ಇಳಿದು, ಕೈ ಎತ್ತಿ, ಮೇಲೆ ತಲೆಕಟ್ಟು. ಪ್ರತಿ ಸಲ ಬರೆಯುವಾಗಲೂ ‘ಗ’ ಎಂದು ಬಾಯಲ್ಲಿ ಹೇಳಲಿ. ಉಲಿ ಇಲ್ಲದೆ ತಿದ್ದುವುದು ಬರಿಯ ಚಿತ್ರ.

‘ಹತ್ತು ಸಲ ಬರಿ’ ಎನ್ನುವ ರೂಢಿ ಬಿಡಿ. ಮೊದಲ ಎರಡು ಮೂರನ್ನು ಮಗು ಮಾದರಿ ನೋಡಿ ಬರೆಯುತ್ತದೆ, ಅಲ್ಲಿಂದಾಚೆ ತಾನು ಈಗಷ್ಟೇ ಬರೆದದ್ದನ್ನು ನೋಡಿ. ನಾಲ್ಕನೆಯದರಲ್ಲಿ ತಲೆಕಟ್ಟು ಜಾರಿದರೆ ಹತ್ತನೆಯದರ ತನಕ ಅದೇ ತಪ್ಪು ಗಟ್ಟಿಯಾಗುತ್ತದೆ. ಮೂರು ಬರೆಸಿ, ಚೆನ್ನಾಗಿರುವುದಕ್ಕೆ ಮಗುವಿನಿಂದಲೇ ಸುತ್ತು ಹಾಕಿಸಿ, ಸ್ಲೇಟು ಒರೆಸಿ, ನೋಡದೆ ಒಂದು ಬರೆಸಿ. ಹತ್ತಕ್ಕಿಂತ ಈ ನಾಲ್ಕೇ ಮೇಲು.

ಎಲ್ಲಿ ಎಡವುತ್ತಾರೆ

ಎರಡನೇ ಗುಂಪಿಗೆ ಬಂದ ಕೂಡಲೇ ಕಾಣುವ ತಪ್ಪು: ‘ಜ’ಕ್ಕೂ ‘ಬ’ಕ್ಕೂ ತಲೆಕಟ್ಟು. ಕಾರಣ ಸರಳ. ರ, ಗ, ಸ, ದ ನಾಲ್ಕಕ್ಕೂ ತಲೆಕಟ್ಟು ಇದೆ. ಎಲ್ಲಕ್ಕೂ ಇರುತ್ತದೆ ಎಂದು ಮಗು ತಾನಾಗಿಯೇ ನಿಯಮ ಕಟ್ಟಿಕೊಂಡಿರುತ್ತದೆ. ಇದು ಬುದ್ಧಿವಂತಿಕೆಯ ತಪ್ಪು, ಗದರಬೇಡಿ. ಖ, ಜ, ಟ, ಣ, ಬ, ಲ ಇವನ್ನು ‘ಟೋಪಿ ಇಲ್ಲದವು’ ಎಂದು ಬೇರೆ ಡಬ್ಬಿಯಲ್ಲಿಡಿ.

‘ರ’ಕ್ಕೆ ಹೊಟ್ಟೆಯಲ್ಲಿ ಚುಕ್ಕೆ ಇಟ್ಟರೆ ‘ಠ’. ‘ದ’ದ ಕೆಳಗೆ ಸೀಳಿದರೆ ‘ಧ’. ‘ಪ’, ‘ಫ’, ‘ಷ’ ಮೂರೂ ಒಂದೇ ಮೈಕಟ್ಟಿನವು. ಮಹಾಪ್ರಾಣಗಳನ್ನು ಅಲ್ಪಪ್ರಾಣದ ಪಕ್ಕದಲ್ಲೇ ಕಲಿಸಿದರೆ ಎರಡೂ ಕಲಸಿಹೋಗುತ್ತವೆ; ತಿಂಗಳುಗಳ ಅಂತರ ಇರಲಿ. ಹೇಗೂ ಮಕ್ಕಳ ಪದಗಳಲ್ಲಿ ಅವು ಕಡಿಮೆ.

ಕಾಗುಣಿತಕ್ಕೆ 49 ಮುಗಿಯುವ ತನಕ ಕಾಯಬೇಡಿ. 34 ವ್ಯಂಜನಕ್ಕೆ 12 ಸ್ವರಚಿಹ್ನೆ ಸೇರಿದರೆ 408 ರೂಪ. ಅಷ್ಟನ್ನೂ ಉರು ಹೊಡೆಸಲಾಗದು. ಹತ್ತು ಅಕ್ಷರ ಬಂದೊಡನೆ ‘ಆ’ ಸ್ವರದ ಚಿಹ್ನೆಯಾದ ‘ಇಳಿ’ ಒಂದನ್ನು ಕೊಡಿ. ದಾರ, ರಾಗ, ಜಾಗ, ಮಾವ, ಸಾಗರ ಓದಿಸಿ. ತಲೆಕಟ್ಟು ತೆಗೆದು ಆ ಜಾಗದಲ್ಲಿ ಇಳಿ ಕೂರುವುದನ್ನು ಸ್ಲೇಟಿನ ಮೇಲೆ ಒರೆಸಿ ತೋರಿಸಿ. ಬಿಟ್ಟರೆ ಮಕ್ಕಳು ಎರಡನ್ನೂ ಬರೆಯುತ್ತಾರೆ. ಗುಡಿಸು ಮತ್ತು ಏತ್ವ (ಕಿ, ಕೆ) ಬಹಳ ಗೊಂದಲದವು: ಗುಡಿಸಿನ ಕುಣಿಕೆ ಮುಚ್ಚಿದೆ, ಏತ್ವದ್ದು ತೆರೆದಿದೆ. ಕೀ, ಕೇ, ಕೋ ಮೂರರ ದೀರ್ಘವೂ ಒಂದೇ ಗುರುತು ಎಂದು ತೋರಿಸಿಬಿಟ್ಟರೆ ಮೂರು ಪಾಠ ಒಂದಾಗುತ್ತದೆ. ‘ಹಾವು’ ಎಂಬುದನ್ನು ‘ಹಾಮ’ ಎಂದು ಓದುವ ಮಗು ‘ವು’ ಮತ್ತು ‘ಮ’ ಬೆರೆಸಿದೆ; ಎರಡನ್ನೂ ದೊಡ್ಡದಾಗಿ ಅಕ್ಕಪಕ್ಕ ಬರೆದು ಕೊಂಬು ಎಲ್ಲಿ ಅಂಟಿದೆ ಎಂದು ಬೆರಳಿಟ್ಟು ತೋರಿಸಬೇಕು.

ಕನ್ನಡಿ ಅಕ್ಷರ ಬರೆಯುವುದು ಆರು ವರ್ಷದವರೆಗೂ ಸಾಮಾನ್ಯ, ಚುಕ್ಕೆಯಿಂದ ಶುರು ಮಾಡಿಸುತ್ತಾ ಹೋದರೆ ತಾನಾಗಿ ಸರಿಹೋಗುತ್ತದೆ. ಎಡಗೈ ಮಗುವಿನ ಕೈ ಬದಲಿಸಬೇಡಿ. ಪುಸ್ತಕವನ್ನು ಬಲಕ್ಕೆ ಸ್ವಲ್ಪ ವಾಲಿಸಿ ಇಟ್ಟರೆ ಬರೆದದ್ದು ಅದಕ್ಕೆ ಕಾಣುತ್ತದೆ.

‘ಹಾಲು’ ಹೇಳಿ ಬರೆಸಿದಾಗ ‘ಆಲು’ ಬರೆದರೆ ಅದು ಅಕ್ಷರದ ತಪ್ಪಲ್ಲ. ಮನೆಯಲ್ಲಿ ‘ಆಲು’ ಎನ್ನುವ ಮಗು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದೆ, ಅಂದರೆ ಉಲಿಗೂ ಆಕಾರಕ್ಕೂ ನಂಟು ಕೂಡಿದೆ. ‘ಸರಿಯಾಗಿ ಬರೆದಿದ್ದೀಯ, ಪುಸ್ತಕದಲ್ಲಿ ಇದನ್ನು ಹೀಗೆ ಬರೀತಾರೆ’ ಎಂದು ‘ಹಾಲು’ ಬರೆದು ಪಕ್ಕದಲ್ಲಿಡಿ.